ಮನೆ ಮುಂದೆ "ರೋಮನ್ ಪಿಲ್ಲರ್" ಬೇಕಾ? ನಮ್ಮ ಬದುಕಲ್ಲಿ ಗ್ರೀಕರದ್ದು ನಿಜವಾಗ್ಲೂ ಏನೇನಿದೆ?

ಹಾಸನದ_ಹೈದ
ಎಲ್ರಿಗೂ ನಮಸ್ಕಾರ, ಒಂದು ಮನೆ ಜಗಳ ಬಗೆಹರಿಸ್ಕೊಡಿ. ಊರಲ್ಲಿ ಮನೆ ಕಟ್ಟಿಸ್ತಾ ಇದೀವಿ, ಮೋಲ್ಡ್ ಹಾಕಿ ತಿಂಗಳಾಯ್ತು, ಈಗ ಪೋರ್ಟಿಕೋ ಕೆಲಸ. ಮೇಸ್ತ್ರಿ ಮೊಬೈಲಲ್ಲಿ ಮೂರು ಫೋಟೋ ತೋರ್ಸಿ "ಮುಂದೆ ಎರಡು ರೋಮನ್ ಪಿಲ್ಲರ್ ಕೊಟ್ಬಿಡ್ತೀನಿ ಸಾರ್, ಬಂಗ್ಲೆ ಲುಕ್ ಬರುತ್ತೆ" ಅಂದ. ಒಂದು ಪ್ಲೇನು. ಇನ್ನೊಂದ್ರ ತಲೆ ಮೇಲೆ ಎರಡೂ ಕಡೆ ಸುರುಳಿ, ಅದಕ್ಕೆ ಅವನು ಜಿಲೇಬಿ ಅಂತಾನೆ. ಮೂರನೇದ್ರ ಮೇಲೆ ಎಲೆ ಎಲೆ, ಅದು ಹೂಕೋಸು.

ನಮ್ಮಪ್ಪ ಕೆಂಡ ಆಗೋದ್ರು. ಬೇಲೂರು ಹಳೇಬೀಡು ಪಕ್ಕದಲ್ಲಿಟ್ಕೊಂಡು ಬೇರೆಯವರ ಕಂಬ ನಿಲ್ಲಿಸ್ತೀಯೇನೋ ಅಂತ. ತಂಗಿ ಮಧ್ಯ ಬಾಯಿ ಹಾಕಿ "ಅದು ರೋಮನ್ ಅಲ್ಲಪ್ಪ, ಮೂಲ ಗ್ರೀಕು" ಅಂದ್ಲು, ಬೆಂಕಿಗೆ ತುಪ್ಪ. "ಗ್ರೀಸಿನವರು ನಮಗೇನು ಸೋದರಮಾವಂದಿರಾ? ಅವರದ್ದು ಒಂದು ಸಾಮಾನೂ ಈ ಮನೇಲಿಲ್ಲ, ಕಂಬ ಮಾತ್ರ ಯಾಕೆ" ಅಂತ ಅಪ್ಪ. ನಾನು ಇದೆ ಅಂದೆ, ಏನಿದೆ ಹೇಳು ಅಂದ್ರು, ಬಾಯಿ ಬರಲಿಲ್ಲ. ಡೆಮಾಕ್ರಸಿ ಒಲಿಂಪಿಕ್ಸ್ ಬಿಟ್ಟು ಇನ್ನೇನಿದೆ ಹೇಳ್ರಪ್ಪ. ಮಸಾಲೆ ದೋಸೆ ಪಣ ಇದೆ.

ಸೈಟ್_ಇಂಜಿನಿಯರ್
ಮೊದಲು ಕಂಬದ ವಿಷಯ ಮುಗಿಸೋಣ. ಪ್ಲೇನ್ ಅಂದ್ರೆ ಡೋರಿಕ್, ಜಿಲೇಬಿ ಅಂದ್ರೆ ಅಯಾನಿಕ್, ಹೂಕೋಸು ಅಂದ್ರೆ ಕೊರಿಂಥಿಯನ್. ಮೂರೂ ಗ್ರೀಕರದ್ದೇ, ನಿಮ್ಮ ತಂಗಿ ಸರಿ. ರೋಮನ್ನರು ತಗೊಂಡು ಊರ ತುಂಬ ನೆಟ್ರು, ಅದಕ್ಕೆ ಮೇಸ್ತ್ರಿಗಳ ಬಾಯಲ್ಲಿ ಎಲ್ಲಾ ರೋಮನ್.

ಆ ಎಲೆ ಹೂಕೋಸಲ್ಲ, ಅಕಾಂಥಸ್ ಅನ್ನೋ ಮುಳ್ಳೆಲೆ ಗಿಡ. ರೋಮಿನ ವಿಟ್ರೂವಿಯಸ್ ಅನ್ನೋ ವಾಸ್ತುಶಿಲ್ಪಿ ಒಂದು ಕಥೆ ಬರೆದಿದಾನೆ. ಕೊರಿಂಥ್ ಊರಲ್ಲಿ ಒಂದು ಹುಡುಗಿ ತೀರ್ಕೊಂಡ್ಲಂತೆ, ಸಾಕಿದ ದಾದಿ ಅವಳ ಸಾಮಾನೆಲ್ಲ ಬುಟ್ಟೀಲಿ ತುಂಬಿ ಸಮಾಧಿ ಮೇಲಿಟ್ಟು, ಮೇಲೊಂದು ಹೆಂಚು ಮುಚ್ಚಿ ಹೋದ್ಲಂತೆ. ಬುಟ್ಟಿ ಕೆಳಗೆ ಈ ಗಿಡ ಇತ್ತು, ವಸಂತಕಾಲ ಬಂದಾಗ ಎಲೆ ಬುಟ್ಟಿ ಸುತ್ತ ಹಬ್ಬಿ, ಹೆಂಚಿನ ಮೂಲೆಗೆ ತಾಗಿ ಹೊರಕ್ಕೆ ಸುರುಳಿಯಾಯ್ತು. ದಾರೀಲಿ ಹೋಗ್ತಿದ್ದ ಶಿಲ್ಪಿ ಕಲ್ಲಿಮಾಕಸ್ ನೋಡಿ ಕಂಬದ ತಲೆಗೆ ಅದೇ ಇಟ್ಟ. ಕಥೆ ನಿಜಾನೋ ಸುಳ್ಳೋ, ಆದ್ರೆ ಇನ್ಮೇಲೆ ಕೊರಿಂಥಿಯನ್ ಕಂಬ ನೋಡಿದ್ರೆ ನಿಮಗೂ ಬುಟ್ಟೀನೇ ಕಾಣುತ್ತೆ.

ಇನ್ನೊಂದು. ನಿಮ್ಮ ಮೇಸ್ತ್ರಿ ಕೊಡೋದು ಕಂಬಾನೇ ಅಲ್ಲ. ಭಾರ ಹೊರೋದು ಒಳಗಿರೋ ಆರ್‌ಸಿಸಿ ಕಾಲಂ, ಅದರ ಸುತ್ತ ಅಚ್ಚಲ್ಲಿ ಎರೆದ ಎರಡು ಹೋಳು ಕೂರ್ಸಿ ಜಾಯಿಂಟಿಗೆ ಪುಟ್ಟಿ ಬಳಿದು ಪೇಂಟ್ ಹೊಡೀತಾರೆ. ಕಂಬಕ್ಕೆ ಪ್ಯಾಂಟ್ ಹಾಕ್ದಂಗೆ. ಅಥೆನ್ಸಿನ ಪಾರ್ಥೆನಾನ್ ದೇವಸ್ಥಾನದಲ್ಲಿ (ಕ್ರಿ.ಪೂ. 447ರಿಂದ 432) ಹೊರಗಡೆ 46 ಕಂಬ, ಅಮೃತಶಿಲೆ ಗುಂಡುಗಳನ್ನ ಒಂದರ ಮೇಲೊಂದು ಜೋಡ್ಸಿ ಆಮೇಲೆ 20 ಗೀರು ಕೆತ್ತಿದ್ದು, ನಡುವೆ ಕಣ್ಣಿಗೆ ಗೊತ್ತಾಗದಷ್ಟು ಉಬ್ಬು ಬೇರೆ. ನಿಮ್ಮ ಅಚ್ಚಲ್ಲಿ ಆ ಉಬ್ಬು ಇದ್ರೆ ಹೇಳಿ, ನಾನೇ ಬಂದು ನೋಡ್ತೀನಿ.

ಮಲ್ಲೇಶ್ವರಂ_ಮಿಕ್ಸ್ಚರ್
ಬೆಂಗಳೂರಲ್ಲಿ ಹೈಕೋರ್ಟಿನ ಕೆಂಪು ಬಿಲ್ಡಿಂಗ್ ನೋಡಿ, ಅಠಾರ ಕಚೇರಿ, 1868. ಜಿಲೇಬಿ ಕಂಬ ಸಾಲಾಗಿ ನಿಂತಿವೆ. ಗ್ರೀಕರಿಂದ ರೋಮನ್ನರಿಗೆ, ಅಲ್ಲಿಂದ ಇಟಲಿಯೋರಿಗೆ, ಅಲ್ಲಿಂದ ಬ್ರಿಟಿಷರಿಗೆ, ಬ್ರಿಟಿಷರಿಂದ ಕಬ್ಬನ್ ಪಾರ್ಕಿಗೆ, ಈಗ ನಿಮ್ಮೂರ ಮೇಸ್ತ್ರಿ ಮೊಬೈಲಿಗೆ. 2500 ವರ್ಷ ಆದ್ಮೇಲೆ ಜಿಲೇಬಿ ಆಗೋದು ತಪ್ಪೇನಿಲ್ಲ ಬಿಡಿ.

ಸುಮ್ನೆ_ಓದೋಳು
ಕಂಬಕ್ಕೆ ಪ್ಯಾಂಟ್ 😂😂

ಹಾಸನದ_ಹೈದ
@ಸೈಟ್_ಇಂಜಿನಿಯರ್ ಇದನ್ನ ಅಪ್ಪಂಗೆ ಓದಿ ಹೇಳ್ದೆ. "ನೋಡ್ದಾ, ಭಾರ ಹೊರದೇ ಇರೋ ಕಂಬ" ಅಂತ ಅವರ ಪಾಯಿಂಟೇ ಗಟ್ಟಿ ಆಯ್ತು. ನನಗೆ ಹೆಲ್ಪ್ ಮಾಡಿ ಅಂದ್ರೆ ಅಪ್ಪಂಗೆ ಮಾಡ್ತಿದೀರ.

ಗಣಿತದ_ಮೇಷ್ಟ್ರು
ಇಪ್ಪತ್ತೆರಡು ವರ್ಷದಿಂದ ಹೈಸ್ಕೂಲಲ್ಲಿ ಗಣಿತ ಹೇಳ್ಕೊಡ್ತಿದೀನಿ, ನನ್ನ ಅನ್ನಾನೇ ಗ್ರೀಕರದ್ದು ಅಂದ್ರೂ ತಪ್ಪಿಲ್ಲ. ಎಸ್ಸೆಸ್ಸೆಲ್ಸಿ ಬರೆದೋರಿಗೆಲ್ಲ ನೆನಪಿರುತ್ತೆ, "ಪ್ರಮೇಯ ನಿರೂಪಿಸಿ ಮತ್ತು ಸಾಧಿಸಿ". ಥೇಲ್ಸ್, ಪೈಥಾಗೊರಸ್, ಯೂಕ್ಲಿಡ್. ಆದ್ರೆ ಹೆಸರುಗಳಿಗಿಂತ ದೊಡ್ಡದು ನೀವು ಬರೀತಿದ್ದ ಆ ಕ್ರಮ. ದತ್ತ, ಸಾಧನೀಯ, ರಚನೆ, ಸಾಧನೆ. ಗೆರೆ ಎಳೆದು ಎಡಗಡೆ ಹೆಡ್ಡಿಂಗ್ ಹಾಕ್ತಿದ್ರಲ್ಲ, ಅದು ಯೂಕ್ಲಿಡ್ ಸುಮಾರು ಕ್ರಿ.ಪೂ. 300ರಲ್ಲಿ ಅಲೆಕ್ಸಾಂಡ್ರಿಯಾದಲ್ಲಿ ಕೂತು ಬರೆದ ರೀತಿ. ಏನು ಕೊಟ್ಟಿದೆ, ಏನು ತೋರಿಸ್ಬೇಕು, ಏನು ಎಳೀಬೇಕು, ಹೆಂಗೆ ಹೊರಡ್ತು. ಹಾಸನದ ಹುಡುಗ ನಾಲ್ಕು ಮಾರ್ಕ್ಸಿಗೆ ಬರೆಯೋ ಉತ್ತರದ ಅಸ್ಥಿಪಂಜರ ಅವನದ್ದೇ.

ಒಂದು ಮಾತು ಮೊದಲೇ ಹೇಳ್ಬಿಡ್ತೀನಿ, ಯಾಕಂದ್ರೆ ಯಾರಾದ್ರೂ ಬರ್ತಾರೆ.

ಸತ್ಯಮೇವ_ಗುರು
ಬಂದೆ. ಪೈಥಾಗೊರಸ್ ಪ್ರಮೇಯ ನಮ್ಮ ಬೌಧಾಯನ ಶುಲ್ಬಸೂತ್ರದಲ್ಲೇ ಇದೆ. ಗ್ರೀಕರು ಇಲ್ಲಿಂದ ಕದ್ದಿದ್ದು. ಎಲ್ಲವೂ ಇಲ್ಲಿಂದ ಹೋಗಿದ್ದು, ನಾವು ಮಾತ್ರ ಅವರ ಹೆಸರಲ್ಲಿ ಮಕ್ಕಳಿಗೆ ಕಲಿಸ್ತೀವಿ.

ಗಣಿತದ_ಮೇಷ್ಟ್ರು
ಹೇಳಿದ್ನಲ್ಲ 😄 ಬೌಧಾಯನದಲ್ಲಿ ಇದೆ, ನಿಜ, ಅದನ್ನೂ ತರಗತೀಲಿ ಹೇಳ್ತೀನಿ. ಅದಕ್ಕೂ ಎಷ್ಟೋ ಹಿಂದೆ ಬ್ಯಾಬಿಲೋನಿನ ಮಣ್ಣಿನ ಹಲಗೆಗಳಲ್ಲೂ ಇದೆ. ಯಜ್ಞವೇದಿ ಕಟ್ಟೋರಿಗೆ ಬೇಕಿತ್ತು, ಹೊಲ ಅಳೆಯೋರಿಗೆ ಬೇಕಿತ್ತು, ಎಲ್ಲರೂ ಕಂಡ್ಕೊಂಡ್ರು. ಯೂಕ್ಲಿಡ್ ಮಾಡಿದ್ದು ಬೇರೆ, ಅದು ಯಾಕೆ ಯಾವಾಗ್ಲೂ ಹಂಗೇ ಇರ್ಬೇಕು ಅಂತ ಮೆಟ್ಟಿಲು ಮೆಟ್ಟಿಲಾಗಿ ತೋರಿಸಿದ್ದು. ಕದ್ದಿದ್ದು ಅನ್ನೋಕೆ ಸಾಕ್ಷಿ ಬೇಕು, ಸ್ಥಾನಬೆಲೆ, ಸೊನ್ನೆ ನಮ್ಮಿಂದ ಹೋಗಿದ್ದಕ್ಕೆ ಸಾಕ್ಷಿ ಇದೆ, ಅಲ್ಲಿ ಜೋರಾಗಿ ಹೇಳೋಣ. ರೋಮನ್ ಅಂಕಿಲಿ ಗುಣಾಕಾರ ಮಾಡಿ ನೋಡಿ, ನಮ್ಮೋರಿಗೆ ಕೈ ಮುಗೀತೀರ.

ಧಾರವಾಡ_ಪೇಡೆ
ಮೇಷ್ಟ್ರ ಮಾತು ಖರೆ ಅದ. ಎಲ್ಲಾ ನಮ್ಮದು ಅನ್ನಾಂವನೂ ಬ್ಯಾಡ, ಎಲ್ಲಾ ಅವರದು ಅನ್ನಾಂವನೂ ಬ್ಯಾಡ. ಮುಂದ ಹೇಳ್ರಿ.

ಪಂಚಾಂಗ_ಪ್ರಿಯ
ಹಾಸನದವರೇ, ನಿಮ್ಮ ತಂದೆಯವರಿಗೆ ಒಂದೇ ಪ್ರಶ್ನೆ ಕೇಳಿ, ಗೃಹಪ್ರವೇಶಕ್ಕೆ ಮುಹೂರ್ತ ಇಡಿಸಿದ್ರಾ? ಇಡಿಸಿದ್ರೆ ದೋಸೆ ನಿಮ್ಮದು.

ಜಾತಕದಲ್ಲಿ 1, 4, 7, 10ನೇ ಮನೆಗಳಿಗೆ ಕೇಂದ್ರ ಅಂತೀವಿ. ಆ ಪದ ಗ್ರೀಕಿನ ಕೆಂಟ್ರೋನ್, ಅಂದ್ರೆ ಚುಚ್ಚೋ ಮೊನೆ, ಎತ್ತು ತಿವಿಯೋ ಬಾರುಕೋಲಿನ ಮುಳ್ಳು ಅಂತ ಇಟ್ಕೊಳಿ, ಆಮೇಲೆ ಕೈವಾರದ ಮುಳ್ಳು ಊರೋ ಜಾಗಕ್ಕೆ ಹೆಸರಾಯ್ತು. ಏಳನೇ ಮನೆಗೆ ಜಾಮಿತ್ರ ಅಂತಾರೆ, ಅದು ಡಯಾಮೀಟರ್ ಅನ್ನೋ ಪದಾನೇ, ಲಗ್ನದ (ಅಂದ್ರೆ ಒಂದನೇ ಮನೆಯ) ನೇರ ಎದುರು ಇರೋದ್ರಿಂದ. ದ್ರೇಕ್ಕಾಣ, ಅಂದ್ರೆ ರಾಶಿಯ ಮೂರನೇ ಒಂದು ಪಾಲು, ಗ್ರೀಕಿನ ಡೆಕಾನೋಸ್. ಹೋರಾ ಅವರ ಹೋರಾನೇ, ಇಂಗ್ಲಿಷಿನ ಅವರ್ ಕೂಡ ಅದೇ ಮನೆತನದ್ದು. ಹಳೇ ಕಾಲದ ಜ್ಯೋತಿಷಿ ವರಾಹಮಿಹಿರ ಹನ್ನೆರಡು ರಾಶಿಗೆ ಎರಡನೇ ಹೆಸರು ಕೊಡ್ತಾನೆ, ಕ್ರಿಯ, ತಾವುರಿ, ಜಿತುಮ, ಲೇಯ, ಪಾಥೋನ, ಜೂಕ ಅಂತ. ಗ್ರೀಕಿನ ಕ್ರಿಯೋಸ್, ಟೌರೋಸ್, ಡಿಡುಮೋಯ್, ಲಿಯೋನ್, ಪಾರ್ಥೆನೋಸ್, ಝುಗೋನ್. ಪಕ್ಕಪಕ್ಕ ಇಟ್ಟು ಓದಿ, ನಗು ಬರುತ್ತೆ.

ನಮ್ಮಜ್ಜ ಪುರೋಹಿತರು, ಈ ಜೂಕ ಪಾಥೋನ ಎಲ್ಲ ಬಾಯಿಪಾಠ. ಅವರು ಗ್ರೀಕ್ ಮಾತಾಡ್ತಿದಾರೆ ಅಂತ ಅವರಿಗೂ ಗೊತ್ತಿರ್ಲಿಲ್ಲ ನಮಗೂ ಗೊತ್ತಿರ್ಲಿಲ್ಲ.

ಸತ್ಯಮೇವ_ಗುರು
ತಪ್ಪು. ಹೋರಾ ಅನ್ನೋದು "ಅಹೋರಾತ್ರ"ದಿಂದ ಬಂದಿದ್ದು, ಮೊದಲಿನ ಅ ಕೊನೆಯ ತ್ರ ತೆಗೆದ್ರೆ ಹೋರಾ. ಸಂಸ್ಕೃತ ಗೊತ್ತಿಲ್ದೇ ಮಾತಾಡ್ಬೇಡಿ.

ಪಂಚಾಂಗ_ಪ್ರಿಯ
ಸ್ವಾಮಿ, ಆ ವ್ಯುತ್ಪತ್ತಿ ಕೊಟ್ಟಿದ್ದೂ ವರಾಹಮಿಹಿರನೇ, ಅದೂ ಹೆಂಗೆ? "ಕೆಲವರು ಹೀಗೆ ಅಂತಾರೆ" ಅಂತ. ತಾನು ಹೇಳ್ತೀನಿ ಅನ್ನಲಿಲ್ಲ. ಅದೇ ಮಹಾಶಯ ಇನ್ನೊಂದು ಕಡೆ, ಯವನರು (ಅಂದ್ರೆ ಗ್ರೀಕರು) ಮ್ಲೇಚ್ಛರೇ ಹೌದು, ಆದ್ರೆ ಈ ಶಾಸ್ತ್ರ ಅವರಲ್ಲಿ ಚೆನ್ನಾಗಿ ನೆಲೆಸಿದೆ, ಅದಕ್ಕೆ ಅವರನ್ನೂ ಋಷಿಗಳ ಹಾಗೆ ಪೂಜಿಸ್ತಾರೆ ಅನ್ನೋ ಶ್ಲೋಕ ಕೊಡ್ತಾನೆ. ಆರನೇ ಶತಮಾನದೋನಿಗೆ ಇದ್ದ ಧಾರಾಳ ನಮಗೆ ಇಲ್ವಾ?

ಇನ್ನು ವಾರಗಳು. ಭಾನುವಾರ ಆದ್ಮೇಲೆ ಸೋಮವಾರಾನೇ ಯಾಕೆ, ಬುಧವಾರ ಯಾಕಲ್ಲ? ಗ್ರಹಗಳನ್ನ ದೂರದಿಂದ ಹತ್ರಕ್ಕೆ ಜೋಡ್ಸಿ: ಶನಿ, ಗುರು, ಕುಜ, ರವಿ, ಶುಕ್ರ, ಬುಧ, ಚಂದ್ರ. ಗ್ರೀಕ್ ಜಗತ್ತಿನವರು ಹಾಕಿದ ಸಾಲು ಇದು, ಭೂಮಿ ನಡುವೆ ಇದೆ ಅಂದ್ಕೊಂಡು. ದಿನದ ಒಂದೊಂದು ಗಂಟೆಗೆ ಇದೇ ಸಾಲಲ್ಲಿ ಒಬ್ಬೊಬ್ಬ ಒಡೆಯ. ಭಾನುವಾರ ಮೊದಲ ಹೋರೆ ರವಿಗೆ ಕೊಟ್ಟು ಬೆರಳೆಣಿಸಿ. 24 ಮುಗಿದು 25ನೇದು ಯಾರಿಗೆ ಬೀಳುತ್ತೆ? ಚಂದ್ರನಿಗೆ. ಅದೇ ಸೋಮವಾರ. ಹಂಗೇ ಎಣಿಸ್ತಾ ಹೋಗಿ, ಮಂಗಳವಾರ ಬರುತ್ತೆ. ಗೋಡೆಗೆ ನೇತಾಕಿರೋ ಕ್ಯಾಲೆಂಡರೇ ಸಾಕ್ಷಿ.

ಗಣಿತದ_ಮೇಷ್ಟ್ರು
24ನ್ನ 7ರಿಂದ ಭಾಗಿಸಿದ್ರೆ ಶೇಷ 3, ಅದಕ್ಕೆ ಮೂರು ಮೂರು ಹೆಜ್ಜೆ. ನಾಳೆ ಒಂಬತ್ತನೇ ಕ್ಲಾಸಿಗೆ ಇದೇ ಲೆಕ್ಕ ಕೊಡ್ತೀನಿ, ಥ್ಯಾಂಕ್ಸ್ ಸಾರ್.

ಮಲ್ಲೇಶ್ವರಂ_ಮಿಕ್ಸ್ಚರ್
ಹಂಗಾದ್ರೆ ಬರಪರಿಹಾರ ಕೊಡ್ಲಿಲ್ಲ ಅಂತ "ಕೇಂದ್ರ"ದ ಮೇಲೆ ನಮ್ಮೋರು ಕೂಗಾಡೋದು ಗ್ರೀಕಲ್ಲಾ 🤣

ಕುಡ್ಲದ_ಬೊಂಡ
ನಮ್ಮ ಕಡೆ ಒಂದುಂಟು ಮಾರಾಯ್ರೆ. ನಮ್ಮಜ್ಜನ ತೋಟದಲ್ಲಿ ಸುರಂಗ ಉಂಟು, ಗುಡ್ಡಕ್ಕೆ ಅಡ್ಡ ಕೊರೆದು ನೀರು ತೆಗಿಯುದು, ಕಾಸರಗೋಡು ಪುತ್ತೂರು ಕಡೆಯವರಿಗೆಲ್ಲ ಗೊತ್ತುಂಟು. ಸಣ್ಣದಿರುವಾಗ ಒಳಗೆ ಹೋದ್ರೆ ಬಾವಲಿ, ಮೊಣಕಾಲು ತನಕ ತಣ್ಣನೆ ನೀರು, ಅಜ್ಜ ಹೊರಗೆ ಟಾರ್ಚ್ ಹಿಡ್ಕೊಂಡು ಬೈಯುದು. ಆ "ಸುರಂಗ" ಅನ್ನುವ ಪದವೇ ಗ್ರೀಕಿನ ಸುರಿಂಕ್ಸ್ ಅಂತೆ, ಕೊಳವೆ ಅಂತ ಅರ್ಥ. ಡಾಕ್ಟ್ರು ಚುಚ್ಚುವ ಸಿರಿಂಜ್ ಕೂಡ ಅದೇ. ಅಂದ್ರೆ ಸುರಂಗವೂ ಸಿರಿಂಜೂ ಅಣ್ಣ ತಮ್ಮ. ಸುರಂಗ ತೋಡುವ ವಿದ್ಯೆ ಗ್ರೀಕರದ್ದು ಅಂತ ಅಲ್ಲ ಹಾಂ, ಪದ ಮಾತ್ರ.

ಆಟೋ_ರಾಜನ_ಅಭಿಮಾನಿ
ಆಟೋ ಅನ್ನೋದೂ ಗ್ರೀಕು, "ತಾನೇ" ಅಂತ. ರಿಕ್ಷಾ ಜಪಾನಿ. ಗ್ರೀಕ್ ಜಪಾನ್ ಸೇರಿ ಒಂದೂವರೆ ಮೀಟರ್ ಕೇಳೋದು ಬೆಂಗಳೂರಲ್ಲಿ ಮಾತ್ರ.

ಬಿಳಿಕೋಟು
ಡಾಕ್ಟರ್ ಇಲ್ಲಿ. ನಮ್ಮ ಫೀಲ್ಡು ಪೂರ್ತಿ ಗ್ರೀಕ್ ಗೋದಾಮು. ಎರಡು ಮಾತ್ರ ಹೇಳ್ತೀನಿ ಓಪಿಡಿ ಇದೆ.

ಒಂದು, ಹಾವು. ಕೋಲಿಗೆ ಒಂದೇ ಹಾವು ಸುತ್ತಿದ್ರೆ ಅದು ಅಸ್ಕ್ಲೀಪಿಯಸ್ ಅನ್ನೋ ವೈದ್ಯದೇವರದ್ದು, ವಿಶ್ವ ಆರೋಗ್ಯ ಸಂಸ್ಥೆ ಲೋಗೋ ನೋಡಿ. ಎರಡು ಹಾವು ರೆಕ್ಕೆ ಇದ್ರೆ ಹರ್ಮೀಸ್‌ದು, ಅವನು ವ್ಯಾಪಾರಿಗಳ ದೇವರು, ಕಳ್ಳರಿಗೂ ಅವನೇ. ಎಷ್ಟೋ ಕ್ಲಿನಿಕ್ ಬೋರ್ಡಲ್ಲಿ ಎರಡು ಹಾವು ಹಾಕಿರ್ತಾರೆ, ಅಮೆರಿಕದ ಸೇನೆಯ ವೈದ್ಯ ವಿಭಾಗ 1902ರಲ್ಲಿ ಅದನ್ನ ತಗೊಂಡಾಗಿಂದ ಗೊಂದಲ ಜಾಸ್ತಿ ಆಯ್ತು. ಬಿಲ್ ನೋಡಿದ್ಮೇಲೆ ಎರಡು ಹಾವೇ ಸರಿ ಅನ್ಬೇಡಿ, ಆ ಜೋಕ್ ಹಳೇದು.

ಎರಡು, ವೈದ್ಯರು ತಗೊಳ್ಳೋ ಹಿಪೊಕ್ರೆಟಿಸ್ ಪ್ರತಿಜ್ಞೆ. "ಮೊದಲು, ಹಾನಿ ಮಾಡಬೇಡ" ಅನ್ನೋ ಸಾಲು ಅದರಲ್ಲಿದೆ ಅಂತ ಎಲ್ರೂ ಅಂದ್ಕೊಂಡಿದಾರೆ, ಆ ಮಾತು ಆ ಪ್ರತಿಜ್ಞೆಯಲ್ಲಿ ಇಲ್ಲ. ಇರೋದು, ಕಲಿಸಿದ ಗುರುವನ್ನ ತಂದೆತಾಯಿ ಸಮ ನೋಡ್ತೀನಿ, ವಿಷ ಕೇಳಿದ್ರೂ ಕೊಡಲ್ಲ, ರೋಗಿ ಮನೇಲಿ ಕಂಡಿದ್ದು ಹೊರಗೆ ಆಡಲ್ಲ, ಇಂಥವು. 2022ರಲ್ಲಿ ನ್ಯಾಷನಲ್ ಮೆಡಿಕಲ್ ಕಮಿಷನ್ ಅದರ ಬದಲು ಚರಕ ಶಪಥ ಶಿಫಾರಸು ಮಾಡಿದಾಗ ನಮ್ಮ ಗ್ರೂಪಲ್ಲಿ ಮೂರು ದಿನ ಕಿತ್ತಾಟ. ನನ್ನ ಅಭಿಪ್ರಾಯ ಯಾವ ಶಪಥ ಆದ್ರೂ ಸರಿ, ನೈಟ್ ಡ್ಯೂಟಿ ಮೂರನೇ ದಿನಕ್ಕೆ ಎರಡೂ ಮರ್ತುಹೋಗಿರುತ್ತೆ.

ಶಿವಾಜಿನಗರ_ಸುಲೇಮಾನಿ
ಡಾಕ್ಟರ್ ಸಾಬ್ ಯುನಾನಿ ಮರೆತ್ರಲ್ಲ! ಯುನಾನಿ ಅಂದ್ರೇನೇ ಗ್ರೀಕ್, ಅಯೋನಿಯಾ ಅನ್ನೋದೇ ಅರಬ್ಬಿಯಲ್ಲಿ ಯೂನಾನ್, ಸಂಸ್ಕೃತ ಕನ್ನಡದಲ್ಲಿ ಯವನ. ನಮ್ಮ ದಾದಿ (ಅಜ್ಜಿ) ಹಕೀಮರ ಹತ್ರ ಹೋದ್ರೆ ಅವರು ನಾಡಿ ಹಿಡಿದು "ಸಫ್ರಾ ಜಾಸ್ತಿ ಆಗಿದೆ" ಅಂತಿದ್ರು, ಅಂದ್ರೆ ಹಳದಿ ಪಿತ್ತ. ರಕ್ತ, ಕಫ, ಹಳದಿ ಪಿತ್ತ, ಕಪ್ಪು ಪಿತ್ತ, ಈ ನಾಲ್ಕರ ಲೆಕ್ಕ ಹಿಪೊಕ್ರೆಟಿಸ್, ಗೇಲನ್ ಅನ್ನೋ ಗ್ರೀಕ್ ವೈದ್ಯರ ಕಾಲದ್ದು. ಹಕೀಮರ ಬಾಯಲ್ಲಿ ಅವರ ಹೆಸರು ಬುಕ್ರಾತ್, ಜಾಲೀನೂಸ್. ಬಾಗ್ದಾದಲ್ಲಿ ಹುನೈನ್ ಇಬ್ನ್ ಇಸ್ಹಾಕ್ ಥರದವರು ಗ್ರೀಕಿಂದ ಅರಬ್ಬಿಗೆ ತಂದ್ರು, ಅಲ್ಲಿಂದ ಪರ್ಷಿಯಾ, ಅಲ್ಲಿಂದ ದಖನ್. ಯುರೋಪಲ್ಲಿ ಈ ವೈದ್ಯ ಯಾವಾಗ್ಲೋ ನಿಂತುಹೋಯ್ತು, ಬೆಂಗಳೂರಲ್ಲಿ ಮಾಗಡಿ ರೋಡ್ ಕಡೆ ರಾಷ್ಟ್ರೀಯ ಯುನಾನಿ ಸಂಸ್ಥೆಯಲ್ಲಿ ಇವತ್ತೂ ಓಪಿಡಿ ಚೀಟಿ ಹರೀತಾರೆ.

ಬಿಳಿಕೋಟು
ಒಪ್ಪಿದೆ. ಚಿಕಿತ್ಸೆ ಬಗ್ಗೆ ನನ್ನ ತಕರಾರು ಇದ್ದೇ ಇದೆ, ನಾಲ್ಕು ರಸದ ಥಿಯರಿ ತಪ್ಪು ಅಂತ ವಿಜ್ಞಾನ ಯಾವಾಗ್ಲೋ ತೋರ್ಸಿದೆ. ಆದ್ರೆ ನಾವೂ ಇನ್ನೂ ಮೆಲಂಕೋಲಿಯಾ ಅಂತೀವಿ, ಅದು ಬರೀ "ಕಪ್ಪು ಪಿತ್ತ".

ಓಡೋ_ಗುಂಡಪ್ಪ
ಮ್ಯಾರಥಾನ್ ಯಾರೂ ಹೇಳ್ಲಿಲ್ವಾ?? ನಾನು ನಾಲ್ಕು ಓಡಿದೀನಿ. ಗ್ರೀಕ್ ಸೈನಿಕ ಯುದ್ಧ ಗೆದ್ದ ಸುದ್ದಿ ಹೇಳೋಕೆ ಮ್ಯಾರಥಾನಿಂದ ಅಥೆನ್ಸಿಗೆ 42 ಕಿಮೀ ಓಡಿ "ಗೆದ್ವಿ" ಅಂತ ಹೇಳಿ ಪ್ರಾಣ ಬಿಟ್ಟ, ಅಲ್ಲಿಂದ 2500 ವರ್ಷದ ಪರಂಪರೆ!

ಧಾರವಾಡ_ಪೇಡೆ
ಗುಂಡಪ್ಪನವ್ರ ಸ್ವಲ್ಪ ತಡೀರಿ, ಉಸಿರು ತಗೋರಿ. ಆ ಯುದ್ಧ ಕ್ರಿ.ಪೂ. 490ಕ್ಕ ಆತು. ಯುದ್ಧದ್ದು ಬರದಾಂವ ಹೆರೊಡೊಟಸ್, ಅಂವ ಹೇಳೂದು ಬ್ಯಾರೆ ಕಥಿ. ಓಡಿದಾಂವ ಯುದ್ಧಕ್ಕಿಂತ ಮೊದಲ, ಸಹಾಯ ಕೇಳಾಕ, ಅಥೆನ್ಸಿಂದ ಸ್ಪಾರ್ಟಾಕ್ಕ. ಹತ್ತತ್ರ 240 ಕಿಲೋಮೀಟರ್ರೀ, ಎರಡನೇ ದಿನಕ್ಕ ಮುಟ್ಯಾನ. ಸ್ಪಾರ್ಟಾದವ್ರು "ಹುಣ್ಣಿಮಿ ಆಗೂತನಾ ನಾವು ಹೊರಡಂಗಿಲ್ಲ" ಅಂದ್ರು! ಗೆದ್ದ ಸುದ್ದಿ ಹೇಳಿ ಸತ್ತ ಅನ್ನೂದು ಐದಾರು ನೂರು ವರ್ಷ ಆದಮ್ಯಾಲ ಬರದವ್ರ ಕೈಯಾಗ ಹುಟ್ಟಿದ್ದು.

ಹಳೇ ಒಲಿಂಪಿಕ್ಸನ್ಯಾಗ ಮ್ಯಾರಥಾನ್ ಇದ್ದಿದ್ದಿಲ್ಲ. 1896ಕ್ಕ ಹೊಸಾ ಒಲಿಂಪಿಕ್ಸ್ ಶುರು ಮಾಡೂಮುಂದ ಮಿಶೆಲ್ ಬ್ರೆಯಾಲ್ ಅನ್ನೂ ಫ್ರೆಂಚ್ ಪಂಡಿತ ಇದನ್ನ ಇಡ್ರಿ ಅಂದ, ಸ್ಪೈರಿಡನ್ ಲೂಯಿಸ್ ಅನ್ನೂ ಗ್ರೀಕ್ ಹುಡುಗ ಗೆದ್ದ. 42.195 ಅನ್ನೂ ಲೆಕ್ಕಾ 1908ರ ಲಂಡನ್ನಿಂದು. ಜ್ಯೋತಿ ಹಿಡಕೊಂಡು ಓಡೂದು ಅಂತೀರೇನು? ಅದು 1936ರ ಬರ್ಲಿನ್, ಹಿಟ್ಲರ್ ಕಾಲದ್ದು.

ಓಡೋ_ಗುಂಡಪ್ಪ
ಅಯ್ಯೋ. ನನ್ನ ಮೆಡಲಿನ ಹಿಂದೆ ಆ ಸೈನಿಕನ ಚಿತ್ರ ಇದೆ.

ಧಾರವಾಡ_ಪೇಡೆ
ಇರ್ಲಿ ಬಿಡ್ರಿ, ಓಡಿದ್ದು ನೀವಲ್ಲಾ, ಅದು ಖರೆನಽ.

ರೈನ್_ತೀರದ_ರೈತ
ಜರ್ಮನಿಯಿಂದ ಬರೀತಿದೀನಿ, ಹೋದ ಬೇಸಿಗೆಯಲ್ಲಿ ಹೆಂಡತಿ ಮಗಳ ಜೊತೆ ಅಥೆನ್ಸಿಗೆ ಹೋಗಿದ್ವಿ. ಆಕ್ರೊಪೊಲಿಸ್ (ಪಾರ್ಥೆನಾನ್ ಇರೋ ಗುಡ್ಡ) ಹತ್ತೋಕೆ ಕ್ಯೂ, ಬಿಸಿಲು, ನೀರಿನ ಬಾಟಲ್ ಖಾಲಿ, ಅದನ್ನ ಬಿಟ್ಹಾಕಿ. ನನಗೆ ತಲೆ ತಿರುಗಿದ್ದು ಬೀದಿ ಬೋರ್ಡುಗಳಲ್ಲಿ. ಮನೆ ಸಾಮಾನು ಸಾಗಿಸೋ ಲಾರಿ ಮೇಲೆ ದೊಡ್ಡದಾಗಿ "ಮೆಟಾಫೊರೆಸ್". ನಾನು ಕಾಲೇಜಲ್ಲಿ ಮೆಟಾಫರ್ ಅಂದ್ರೆ ರೂಪಕ ಅಂತ ಉರುಹೊಡೆದವನು, ಇಲ್ಲಿ ಸೋಫಾ ಬೀರು ಹೊತ್ಕೊಂಡು ಹೋಗ್ತಿದೆ. ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸೋದು, ಅಷ್ಟೇ ಅರ್ಥ. ಇನ್ನು ಬ್ಯಾಂಕಿನ ಬೋರ್ಡು ನೋಡಿದ್ರೆ "ಟ್ರಪೆಜಾ".

ಗಣಿತದ_ಮೇಷ್ಟ್ರು
ತ್ರಾಪಿಜ್ಯ!!! ಟ್ರಪೆಜಾ ಅಂದ್ರೆ ಮೇಜು, ಹಣ ಬದಲಾಯಿಸೋರು ಮೇಜು ಹಾಕ್ಕೊಂಡು ಕೂರ್ತಿದ್ರಲ್ಲ ಅದಕ್ಕೆ ಬ್ಯಾಂಕು. ಮೇಜಿನ ಆಕಾರಕ್ಕೆ ಟ್ರಪೀಜಿಯಂ, ಅದನ್ನ ಕನ್ನಡ ಪಠ್ಯಪುಸ್ತಕದೋರು ತ್ರಾಪಿಜ್ಯ ಅಂತ ಮಾಡಿ ಸಂಸ್ಕೃತದ ಪಂಚೆ ಉಡಿಸಿದಾರೆ. ಅರ್ಧ ಕ್ಲಾಸಿಗೆ ಅದು ಸಂಸ್ಕೃತ ಪದ ಅಂತಲೇ ನಂಬಿಕೆ.

ಒಂದು ವಿಷಯ ಸೇರಿಸ್ತೀನಿ. ಕೊರೋನಾದ ಒಮಿಕ್ರಾನ್ ತಳಿ ನೆನಪಿದೆಯಾ, ದೇಶದ ಮೊದಲ ಎರಡು ಕೇಸು 2021ರ ಡಿಸೆಂಬರಲ್ಲಿ ನಮ್ಮ ಕರ್ನಾಟಕದಲ್ಲೇ ಸಿಕ್ಕಿದ್ದು. ಅದು ಗ್ರೀಕ್ ಅಕ್ಷರದ ಹೆಸರು, ಒಮಿಕ್ರಾನ್ ಅಂದ್ರೆ "ಚಿಕ್ಕ ಒ", ಒಮೆಗಾ ಅಂದ್ರೆ "ದೊಡ್ಡ ಓ". ನಮ್ಮ ಒ, ಓ, ಹ್ರಸ್ವ ದೀರ್ಘ. ಇಂಗ್ಲಿಷ್ ಟಿವಿಯೋರಿಗೆ ವಿವರಿಸೋಕೆ ಒದ್ದಾಟ, ಕನ್ನಡದ ಒಂದನೇ ಕ್ಲಾಸ್ ಮಗೂಗೆ ಒಂದೇ ಸಾಲು.

ಪಂಚಾಯ್ತಿ_ಕಟ್ಟೆ
ಡೆಮಾಕ್ರಸಿ ಬಿಟ್ಟು ಹೇಳಿ ಅಂದ್ರಿ, ಆದ್ರೆ ಅದರಲ್ಲೇ ಒಂದು ಸ್ವಾರಸ್ಯ ಇದೆ. ನಮ್ಮೂರ ಗ್ರಾಮ ಪಂಚಾಯ್ತಿ ಎಲೆಕ್ಷನ್ನಲ್ಲಿ ಇಬ್ಬರಿಗೆ ಸಮ ಸಮ ಓಟು ಬಂತು. ಚುನಾವಣಾಧಿಕಾರಿ ಎರಡು ಚೀಟಿ ಬರೆದು ಮಡಚಿ ಸ್ಟೀಲ್ ಡಬ್ಬಕ್ಕೆ ಹಾಕಿ ಅಲ್ಲಾಡ್ಸಿ ಒಂದು ಎತ್ತಿದ್ರು. ಸೋತೋನ ಕಡೆಯೋರು "ಇದೇನು ಪ್ರಜಾಪ್ರಭುತ್ವಾನಾ ಲಾಟರಿನಾ" ಅಂತ ಗಲಾಟೆ. ಅಥೆನ್ಸಿನೋರು ಇದ್ದಿದ್ರೆ ಇದೇ ಅಸಲಿ ಪ್ರಜಾಪ್ರಭುತ್ವ ಅಂತಿದ್ರು. ಅವರ 500 ಜನರ ಕೌನ್ಸಿಲ್ ಪೂರ್ತಿ ಚೀಟಿ ಎತ್ತಿ ಆರಿಸಿದ್ದು, ವರ್ಷಕ್ಕೊಮ್ಮೆ ಬದಲು, ಜೀವಮಾನದಲ್ಲಿ ಎರಡು ಸಲಕ್ಕಿಂತ ಜಾಸ್ತಿ ಇಲ್ಲ. ಓಟು ಹಾಕಿ ಆರಿಸಿದ್ರೆ ದುಡ್ಡಿದ್ದೋನೇ ಗೆಲ್ತಾನೆ ಅನ್ನೋ ಲೆಕ್ಕ. ಸೇನಾಪತಿಗಳನ್ನ ಮಾತ್ರ ಓಟಲ್ಲಿ ಆರಿಸ್ತಿದ್ರು, ಯುದ್ಧಕ್ಕೆ ಲಾಟರಿ ಆಗಲ್ವಲ್ಲ.

ರೈನ್_ತೀರದ_ರೈತ
ಆ ಚೀಟಿ ಎತ್ತೋ ಮಿಷನ್ ನೋಡ್ದೆ ಕಣ್ರೀ, ಅಗೊರಾ ಮ್ಯೂಸಿಯಂನಲ್ಲಿ! ಎದೆಯೆತ್ತರದ ಕಲ್ಲು ಚಪ್ಪಡಿ, ಮೈತುಂಬ ಸಾಲು ಸಾಲು ಸೀಳು. ಒಬ್ಬೊಬ್ಬನ ಹೆಸರು ಕೊರೆದ ಕಂಚಿನ ಪಟ್ಟಿ ಆ ಸೀಳಿಗೆ ಸಿಕ್ಕಿಸೋದು, ಪಕ್ಕದ ಕೊಳವೆಗೆ ಕಪ್ಪು ಬಿಳಿ ಗುಂಡು ಸುರಿಯೋದು, ಬಿಳಿ ಬಿದ್ರೆ ಆ ಸಾಲಿನೋರೆಲ್ಲ ಆಯ್ಕೆ, ಕಪ್ಪು ಬಿದ್ರೆ ಮನೆಗೆ. ಜ್ಯೂರಿಗೆ ಜನ ಆರಿಸೋಕೆ ಇದು.

ಅದರ ಹತ್ರಾನೇ ಮಡಕೆ ಚೂರುಗಳಿವೆ. ಯಾರಾದ್ರೂ ಅತಿಯಾಗಿ ಬೆಳೀತಿದಾನೆ ಅನ್ಸಿದ್ರೆ ಚೂರಿನ ಮೇಲೆ ಅವನ ಹೆಸರು ಗೀಚಿ ಹಾಕೋದು, 6000 ಚೂರು ಆದ್ರೆ ಯಾರ ಹೆಸರು ಜಾಸ್ತಿಯೋ ಅವನು ಹತ್ತು ವರ್ಷ ಊರು ಬಿಡ್ಬೇಕು. ಆಕ್ರೊಪೊಲಿಸ್ ಬುಡದ ಒಂದು ಬಾವೀಲಿ ಥೆಮಿಸ್ಟೊಕ್ಲಿಸ್ ಅನ್ನೋ ಅಥೆನ್ಸಿನ ನಾಯಕನ ಹೆಸರಿನ ಸುಮಾರು 190 ಚೂರು ಒಟ್ಟಿಗೆ ಸಿಕ್ವಂತೆ, ಕೈಬರಹ ನೋಡಿದ್ರೆ ಬರೆದೋರು ಹದಿನಾಲ್ಕೇ ಜನ. ಮೊದಲೇ ಬರೆದಿಟ್ಟು ಹಂಚೋಕೆ ರೆಡಿ ಮಾಡಿದ್ದು.

ಮಲ್ಲೇಶ್ವರಂ_ಮಿಕ್ಸ್ಚರ್
ಐಟಿ ಸೆಲ್ಲು!! ಕ್ರಿಸ್ತಪೂರ್ವ ಐಟಿ ಸೆಲ್ಲು!! ಬಲ್ಕ್ ಫಾರ್ವರ್ಡು ಮಡಕೆ ಚೂರಲ್ಲಿ!!

ಸುಮ್ನೆ_ಓದೋಳು
ಎಲ್ಲ ಸರಿ, ಆ ಚೂರು ಹಾಕೋ ಸಾಲಲ್ಲಿ ಒಬ್ಬಳು ಹೆಂಗಸು ನಿಂತಿರ್ಲಿಲ್ಲ ಅನ್ನೋದನ್ನ ಗಂಡಸರು ಯಾರೂ ಹೇಳ್ಲಿಲ್ಲ ನೋಡಿ. ಗುಲಾಮರಿಗಿಲ್ಲ, ಹೊರಗಿಂದ ಬಂದು ನೆಲೆಸಿದೋರಿಗಿಲ್ಲ. ಗ್ರೀಸಲ್ಲಿ ಹೆಂಗಸರಿಗೆ ಪೂರ್ತಿ ಓಟು ಬಂದಿದ್ದು 1952ರಲ್ಲಿ, ನಮ್ಮಜ್ಜಿ ಓಟು ಹಾಕಿದ್ದು ನಮ್ಮ ಮೊದಲ ಎಲೆಕ್ಷನ್ನಲ್ಲಿ, 1951-52. ನಮ್ಮಜ್ಜಿ ಏನೂ ತಡ ಮಾಡ್ಲಿಲ್ಲ.

ಪಂಚಾಯ್ತಿ_ಕಟ್ಟೆ
ಒಪ್ಪಿದೆ ಅಕ್ಕಾ. ನಮ್ಮ ಪಂಚಾಯ್ತಿಗೆ ಈಗ ಅಧ್ಯಕ್ಷೆ ಇದಾರೆ. ಸಹಿ ಅವರದು, ಮಾತು ಅವರ ಗಂಡಂದು, ಅದು ಬೇರೆ ಕಥೆ.

ಸತ್ಯಮೇವ_ಗುರು
ಅನುಭವ ಮಂಟಪಾನ ಜಗತ್ತಿನ ಮೊದಲ ಪಾರ್ಲಿಮೆಂಟು ಅಂತಾರೆ, ಅಲ್ಲಿ ಅಕ್ಕಮಹಾದೇವಿ ಕೂತು ವಾದ ಮಾಡಿದ್ರು. ಅದನ್ನ ಬಿಟ್ಟು ಮಡಕೆ ಚೂರು.

ಪಂಚಾಯ್ತಿ_ಕಟ್ಟೆ
ಅಣ್ಣಾ, ಅದಕ್ಕೆ ಬೇರೆ ಚರ್ಚೆ ಶುರು ಮಾಡಿ, ನಾನೂ ಬರ್ತೀನಿ. ಇಲ್ಲಿ ದೋಸೆ ಗೆಲ್ಬೇಕಿದೆ.

ಹಿಂದಿನ_ಸಾಲಿನ_ಪ್ರೇಕ್ಷಕ
ನಾಟಕದವರು ಯಾರೂ ಇಲ್ವಾ? ಗ್ರೀಕ್ ದುರಂತ ನಾಟಕ ಕನ್ನಡಕ್ಕೆ ಬಂದ ದಾರಿ ಎಂಥ ಚೆಂದ. ಬಿ.ಎಂ.ಶ್ರೀ. 1929ರಲ್ಲಿ ಸೊಫೊಕ್ಲಿಸ್‌ನ ಏಜಾಕ್ಸ್ ತಗೊಂಡು "ಅಶ್ವತ್ಥಾಮನ್" ಮಾಡಿದ್ರು. ಅವಮಾನ ತಡೀಲಾರದೆ ಪ್ರಾಣ ಕಳ್ಕೊಳ್ಳೋ ಗ್ರೀಕ್ ವೀರನ ಜಾಗದಲ್ಲಿ ನಮ್ಮ ಅಶ್ವತ್ಥಾಮ. ಚಿರಂಜೀವಿಯನ್ನ ಸಾಯಿಸಿಬಿಟ್ರಲ್ಲ ಅಂತ ತಕರಾರು ಎದ್ದಿದ್ದು ಸಹಜ. ಆಮೇಲೆ ಲಂಕೇಶರ ಅನುವಾದದಲ್ಲಿ ಈಡಿಪಸ್ ಬಂದ, ಬಿ.ವಿ. ಕಾರಂತರು ಬೆಂಗಳೂರಲ್ಲಿ ಬಯಲಲ್ಲಿ ಆಡಿಸಿದ್ರು.

ಗ್ರೀಕರಲ್ಲೂ ಬಯಲೇ ತಾನೇ. ಎಪಿಡಾರಸ್ ಅನ್ನೋ ಕಡೆ ಗುಡ್ಡದ ಇಳಿಜಾರಿಗೆ ಕಲ್ಲು ಮೆಟ್ಟಿಲು ಹಾಕಿ ಮಾಡಿದ ರಂಗ ಇವತ್ತಿಗೂ ಇದೆ, ಬೇಸಿಗೆಯಲ್ಲಿ ನಾಟಕ ಆಡ್ತಾರೆ. ಮೇಳದವರು ಕಥೆಗೆ ಹಾಡು ಸೇರಿಸೋದು ನೋಡಿದ್ರೆ ನಮ್ಮ ಭಾಗವತರೇ ನೆನಪಾಗ್ತಾರೆ. ಅಲ್ಲಿಂದ ಇಲ್ಲಿಗೆ ಬಂತು ಅಂತ ನಾನು ಹೇಳ್ತಿಲ್ಲ, ಗಂಟೆಗಟ್ಟಲೆ ಜನರನ್ನ ಕೂರಿಸೋಕೆ ಎಲ್ಲರಿಗೂ ಒಂದು ಹಿಮ್ಮೇಳ ಬೇಕು ಅಷ್ಟೆ.

ಕುಡ್ಲದ_ಬೊಂಡ
ನಾಟಕ ಅಂದ್ರಲ್ಲ, ನಮ್ಮದು ಅಲ್ಲೇ ಉಂಟು! ಈಜಿಪ್ಟಿನ ಆಕ್ಸಿರಿಂಕಸ್ ಅನ್ನುವಲ್ಲಿ ಕಸದ ರಾಶಿಯಲ್ಲಿ ಒಂದು ಪಪೈರಸ್ ಸಿಕ್ಕಿತ್ತು, ಎರಡನೇ ಶತಮಾನದ್ದು ಅಂತಾರೆ, 1903ರಲ್ಲಿ ಅಚ್ಚಾಯ್ತು. ಗ್ರೀಕ್ ಪ್ರಹಸನ. ಕಾರಿಟಿಯೋನ್ ಅನ್ನುವ ಗ್ರೀಕ್ ಹುಡುಗಿ ಭಾರತದ ಕಡಲತೀರದಲ್ಲಿ ಸಿಕ್ಕಿಬಿದ್ದಿದ್ದಾಳೆ, ಬಿಡಿಸ್ಲಿಕ್ಕೆ ಅಣ್ಣ ಹಡಗು ತರ್ತಾನೆ. ಇಲ್ಲಿಯ ರಾಜನಿಗೆ ನೀರು ಬೆರೆಸದ ವೈನ್ ಕುಡಿಸಿ ಅಮಲೇರಿಸಿ ಓಡಿಹೋಗ್ತಾರೆ. ಗ್ರೀಕರು ಯಾವಾಗ್ಲೂ ನೀರು ಬೆರೆಸಿ ಕುಡಿಯುವವರು, ಇವರಿಗೆ ಗೊತ್ತಿಲ್ಲ, ಅದೇ ಜೋಕು. ಇನ್ನೊಂದು ಜೋಕು ವಿದೂಷಕನ ಹೂಸು. ಸುಳ್ಳಲ್ಲ ಮಾರಾಯ್ರೆ, ಶತ್ರುಗಳನ್ನು ಓಡಿಸ್ಲಿಕ್ಕೆ ಅದೇ ಆಯುಧ.

ಆ ರಾಜನೂ ಅವನ ಜನವೂ ಆಡುವ ಮಾತು ಗ್ರೀಕ್ ಅಲ್ಲ. 1904ರಲ್ಲಿ ಹುಲ್ಟ್ಶ್ ಅನ್ನುವ ಜರ್ಮನ್ ವಿದ್ವಾಂಸರು ಅದು ಕನ್ನಡ ಅಂದ್ರು, ಆಮೇಲೆ ಶಾಮಶಾಸ್ತ್ರಿಗಳು, ನಮ್ಮ ಮಂಜೇಶ್ವರದ ಗೋವಿಂದ ಪೈಗಳು ಎಲ್ಲ ಬರೆದಿದ್ದಾರೆ. ಆದ್ರೆ ಅದು ತುಳು, ನಾನು ಹೇಳ್ತೇನೆ.

ಧಾರವಾಡ_ಪೇಡೆ
ಬಂತ ನೋಡ್ರಿ. ಕನ್ನಡ ಅಂದವ್ರು ಅದಾರ, ತುಳು ಅಂದವ್ರು ಅದಾರ, ಇಲ್ಲಾ ಬರೇ ನಗಸಾಕ ಏನೋ ಒದರ್‍ಯಾರ ಅಂದವ್ರೂ ಅದಾರ. ಬಾರ್ನೆಟ್ ಅನ್ನೂ ಇಂಗ್ಲಿಷ್ ಪಂಡಿತರು ಕನ್ನಡ ಅಲ್ಲಾ ಅಂತ ಅವಾಗಽ ಹೇಳ್ಯಾರ. ನಮ್ಮ ಸಿನಿಮಾದಾಗ ಚೀನಾದಾಂವ ಬಂದ್ರ "ಚಿಂಗ್ ಚಾಂಗ್" ಅಂತ ಮಾತಾಡಸ್ತಿದ್ರಲ್ಲಾ, ಹಂಗೂ ಇರಬಹುದು. ಅದನ್ನ ಹಿಡಕೊಂಡು ಜಗಳಾಡೂದು ಬ್ಯಾಡ.

ಕುಡ್ಲದ_ಬೊಂಡ
ತುಳುವೇ.

ಶಿರಸಿ_ಅಪ್ಪೆಮಿಡಿ
ಹಳೇ ಕಾಲದ ಗ್ರೀಕ್ ಭೂಗೋಳ ಪಂಡಿತ ಟಾಲೆಮಿ ನಮ್ಮ ಬನವಾಸಿ ಹೆಸರು ಬರದ್ದ, ಬನೌಆಸೆಯ್ ಅಂತ. ಇದರಲ್ಲಿ ಜಗಳ ಇಲ್ಲೆ. ಅಷ್ಟೇ ಹೇಳಲೆ ಬಂದಿದ್ದು.

ಹಾಸನದ_ಹೈದ
ಎಲ್ಲರಿಗೂ ಥ್ಯಾಂಕ್ಸ್. ರಿಪೋರ್ಟ್ ಹೇಳ್ತೀನಿ. ನಿನ್ನೆ ಊಟ ಆದ್ಮೇಲೆ ಅಪ್ಪಂಗೆ ಕೇಂದ್ರ, ಹೋರಾ, ಜೂಕ, ಪಾಥೋನ ಎಲ್ಲ ಹೇಳ್ದೆ. ಎದ್ದು ಹೋಗಿ ಗೋಡೆ ಕ್ಯಾಲೆಂಡರ್ ತಂದ್ರು, ಭಾನುವಾರದಿಂದ ಬೆರಳೆಣಿಸಿದ್ರು. 25ಕ್ಕೆ ಚಂದ್ರ ಬಂದ. ಮತ್ತೆ ಎಣಿಸಿದ್ರು. ಮತ್ತೆ ಚಂದ್ರಾನೇ. ಕನ್ನಡಕ ತೆಗೆದಿಟ್ಟು "ಜೋಯಿಸರನ್ನ ಕೇಳ್ತೀನಿ" ಅಂದ್ರು. ಬೆಳಗ್ಗೆ ಜೋಯಿಸರಿಗೆ ಫೋನ್ ಮಾಡಿದ್ರೆ ಅವರು "ಹೌದಲ್ಲ, ಯವನಾಚಾರ್ಯರು ಅಂತ ಇದಾರೆ ನಮ್ಮಲ್ಲಿ" ಅಂತ ತಣ್ಣಗೆ ಹೇಳಿದ್ರಂತೆ.

ದೋಸೆ ಕೊಡಿಸಿದ್ರು. ಆದ್ರೆ ಕಂಬದ ವಿಷಯದಲ್ಲಿ ಅರ್ಧ ರಾಜಿ. ಪ್ಲೇನ್ ಡೋರಿಕ್ ಓಕೆ, ತಲೆ ಮೇಲೆ ಮಾತ್ರ ಜಿಲೇಬಿ ಬೇಡ ಹೂಕೋಸು ಬೇಡ, ಗಂಡಭೇರುಂಡ ಕೂರಿಸ್ಬೇಕಂತೆ. ಮೇಸ್ತ್ರಿ "ಗಂಡಭೇರುಂಡ ಅಚ್ಚು ಇಲ್ಲ ಸಾರ್, ನವಿಲು ಇದೆ" ಅಂತಿದಾನೆ.

ಸೈಟ್_ಇಂಜಿನಿಯರ್
ನವಿಲು ಬೇಡ. ಫೋಟೋ ಹಾಕಿ, ಒಂದು ಕಂಬಕ್ಕೆ ಎಷ್ಟು ಹೇಳಿದಾನೆ ಅದನ್ನೂ ಹೇಳಿ, ಪುಟ್ಟಿ ಪೇಂಟ್ ಸೇರ್ಸಿನೋ ಬಿಟ್ಟೋ ಕೇಳ್ಕೊಳಿ.